ದಣಿದ ಹೃದಯದ ಓಟ ತಗ್ಗಿಸಿದವರು



ದತ್ತಿ ಉಪನ್ಯಾಸಕ್ಕೆ ಹೃದ್ರೋಗ ತಜ್ಞನನ್ನು ಕರೆದರೆ ಆತ ಎಣ್ಣೆ ಕಡಿಮೆ ಮಾಡಿ, ಬೆಳಿಗ್ಗೆ ವಾಕಿಂಗ್ ಹೋಗಿ ಎಂದು ಹೇಳಿ ವೇದಿಕೆ ಇಳಿಯುತ್ತಾನೆ ಎಂಬ ಅಂಜಿಕೆ ಸಂಘಟಕರಿಗೆ ಇದ್ದೇ ಇರುತ್ತದೆ. ಆ ಮಾತು ನೀವು ಬೇಕಾದಷ್ಟು ಕೇಳಿದ್ದೀರಿ. ಇವತ್ತು ನಾನು ಒಬ್ಬ ವೈದ್ಯರ ವಿಷಯ ಹೇಳಲು ಬಂದಿದ್ದೇನೆ. ಅವರ ಹೆಸರು ಫಿನ್ ವಾಗ್‌ಸ್ಟೈನ್. ಸ್ವೀಡನ್ ದೇಶದ ಗೋಥೆನ್‌ಬರ್ಗ್ ಊರಿನ ಸಾಲ್‌ಗ್ರೆನ್ಸ್ಕಾ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. ವೈದ್ಯರನ್ನು ಬಿಟ್ಟರೆ ಈ ಹೆಸರು ಕೇಳಿದವರು ಸಭೆಯಲ್ಲಿ ಯಾರೂ ಇರಲಾರರು. ಆದರೆ ನಿಮ್ಮಲ್ಲಿ ಕೆಲವರ ಮನೆಯ ಮಾತ್ರೆ ಡಬ್ಬಿಯಲ್ಲಿ ಅವರ ಹಠದ ಫಲ ಇದೆ ಎಂದು ಧೈರ್ಯವಾಗಿ ಹೇಳಬಲ್ಲೆ.

ಮೊದಲು ಕಾಯಿಲೆ ಯಾವುದು ಎಂದು ಗುರುತು ಮಾಡಿಕೊಳ್ಳೋಣ. ಹಾರ್ಟ್ ಅಟ್ಯಾಕ್ ಎಂದರೆ ಹೃದಯಕ್ಕೆ ರಕ್ತ ಕೊಡುವ ನಾಳ ಹಠಾತ್ತನೆ ಕಟ್ಟಿಕೊಳ್ಳುವುದು. ಹಾರ್ಟ್ ಫೇಲ್ಯೂರ್ ಅಂಥದ್ದಲ್ಲ. ಅಟ್ಯಾಕ್ ಆಗಿಯೋ, ವರ್ಷಗಟ್ಟಲೆ ಬಿಪಿ ಏರಿಯೋ, ಕವಾಟ ಕೆಟ್ಟೋ, ಹೃದಯದ ಸ್ನಾಯುವಿಗೇ ರೋಗ ಹತ್ತಿಯೋ ಹೃದಯ ನಿಧಾನವಾಗಿ ಹಿಗ್ಗುತ್ತದೆ, ಒತ್ತುವ ಶಕ್ತಿ ಕಳೆದುಕೊಳ್ಳುತ್ತದೆ. ನಮ್ಮ ರೋಗಿಗಳು ಇದನ್ನು ಸೊಗಸಾಗಿ ಹೇಳುತ್ತಾರೆ: "ಪಂಪಿಂಗ್ ಕಮ್ಮಿ ಆಗಿದೆಯಂತೆ ಸಾರ್, ಇಪ್ಪತ್ತೈದು ಪರ್ಸೆಂಟು." ಎಕೋ ಪರೀಕ್ಷೆಯ ಚೀಟಿಯಲ್ಲಿ ಆ ಅಂಕಿ ಇರುತ್ತದೆ. ಆರೋಗ್ಯವಂತ ಹೃದಯ ಪ್ರತಿ ಬಡಿತಕ್ಕೂ ತನ್ನೊಳಗಿನ ರಕ್ತದಲ್ಲಿ ನೂರಕ್ಕೆ ಸುಮಾರು 60 ಭಾಗವನ್ನು ಹೊರಗೆ ತಳ್ಳುತ್ತದೆ. ನೂರಕ್ಕೆ ನೂರು ಯಾರದೂ ಇರುವುದಿಲ್ಲ. ಆದ್ದರಿಂದ 55 ಎಂದು ಬರೆದಿರುವ ಚೀಟಿ ನೋಡಿ ಅರ್ಧ ಆಯುಷ್ಯ ಹೋಯಿತೆಂದು ಅಳಬೇಕಾಗಿಲ್ಲ.

ಆದರೆ ಎಕೋಗಿಂತ ಮೊದಲೇ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಒ.ಪಿ.ಡಿ.ಯಲ್ಲಿ ಕೂತವರಿಗೆ ಇದು ಪರಿಚಿತ. ರೋಗಿ ಬಾಗಿಲಿನಿಂದ ಕುರ್ಚಿಯ ತನಕ ಬರುವುದರೊಳಗೆ ಏದುಸಿರು. ಚಪ್ಪಲಿ ಬಿಡಿಸಿದರೆ ಪಟ್ಟಿಯ ಗುರುತು ಪಾದದ ಮೇಲೆ ಗಾಡಿ ಜಾಡಿನಂತೆ ಕೂತಿರುತ್ತದೆ. ಮುಂಗಾಲಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆದರೆ ಗುಳಿ ಬೀಳುತ್ತದೆ, ಬೇಗ ತುಂಬುವುದಿಲ್ಲ. ರಾತ್ರಿ ಎಷ್ಟು ದಿಂಬು ಹಾಕಿಕೊಳ್ಳುತ್ತೀರಿ ಎಂದು ಕೇಳಬೇಕು. ರೋಗಿ ಒಂದೇ ಎಂದರೆ ಪಕ್ಕದಲ್ಲಿ ನಿಂತ ಹೆಂಡತಿ ನಿಜ ಹೇಳುತ್ತಾರೆ: "ಎಲ್ಲಿ ಮಲಗ್ತಾರೆ ಸಾರ್, ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತಿರ್ತಾರೆ." ಮಲಗಿದರೆ ಕಾಲಿನ ನೀರು ಎದೆಗೆ ಹತ್ತುತ್ತದೆ, ಉಸಿರು ಕಟ್ಟುತ್ತದೆ. ಇಂಥವರ ನಾಡಿ ಹಿಡಿದು ನೋಡಿ: ಸುಮ್ಮನೆ ಕೂತಿದ್ದರೂ ನಿಮಿಷಕ್ಕೆ 100, 110. ಈ ಓಡುವ ನಾಡಿಯೇ ನನ್ನ ಇವತ್ತಿನ ವಿಷಯ.

ನಾಡಿ ಏಕೆ ಓಡುತ್ತದೆ? ರಕ್ತದ ಹರಿವು ಕಡಿಮೆಯಾದುದನ್ನು ದೇಹ ರಕ್ತಸ್ರಾವ ಎಂದು ಭಾವಿಸುತ್ತದೆ. ಗಾಯವಾಗಿ ರಕ್ತ ಸುರಿದಾಗ ಬದುಕಿಸುವ ಏರ್ಪಾಡು ಒಂದಿದೆಯಲ್ಲ, ಅದನ್ನೇ ಚಾಲೂ ಮಾಡುತ್ತದೆ. ಅಡ್ರಿನಲಿನ್ ಮತ್ತು ಅದರ ಸೋದರ ರಾಸಾಯನಿಕ ನಾರ್‌ಅಡ್ರಿನಲಿನ್ ಹೃದಯವನ್ನು ಜೋರು ಮಾಡುತ್ತವೆ, ರಕ್ತನಾಳಗಳು ಬಿಗಿಯುತ್ತವೆ, ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಗಂಟೆಗಳ ಮಟ್ಟಿಗೆ ಇದು ರಕ್ಷಣೆ. ತಿಂಗಳುಗಟ್ಟಲೆ ನಡೆದರೆ ಹೃದಯವನ್ನೇ ತಿನ್ನುತ್ತದೆ.

ಇದು ಈಗ ಎಂ.ಬಿ.ಬಿ.ಎಸ್. ಹುಡುಗರಿಗೂ ಗೊತ್ತು. 1970ರ ದಶಕದ ಆರಂಭದಲ್ಲಿ ಗೊತ್ತಿರಲಿಲ್ಲ. ಹೃದಯ ಸೋತಿದೆಯೇ, ಹಾಗಾದರೆ ಅದಕ್ಕೆ ಜೋರು ಕೊಡಬೇಕು ಎಂಬುದು ಅಂದಿನ ತರ್ಕ. 1785ರಲ್ಲಿ ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಬರೆದಿಟ್ಟ ಡಿಜಿಟಾಲಿಸ್ ಗಿಡದ ಔಷಧ, ನೀರು ಹೋಗುವ ಮಾತ್ರೆ, ಹಾಸಿಗೆಯ ವಿಶ್ರಾಂತಿ, ಉಪ್ಪಿಲ್ಲದ ಊಟ. ಇಷ್ಟೇ ಚಿಕಿತ್ಸೆ. ಇನ್ನೊಂದು ಕಡೆ ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಹೃದಯಕ್ಕೆ ಅಡ್ರಿನಲಿನ್ ತಟ್ಟದಂತೆ ತಡೆಯುವ ಬೀಟಾ ಬ್ಲಾಕರ್ ಎಂಬ ಮದ್ದುಗಳನ್ನು ರೂಪಿಸಿದ್ದರು. 1988ರಲ್ಲಿ ಅವರಿಗೆ ನೊಬೆಲ್ ಕೂಡ ಬಂತು. ಎದೆನೋವಿಗೆ, ಬಿಪಿಗೆ ಅವು ವರದಾನ. ಹಾರ್ಟ್ ಫೇಲ್ಯೂರ್‌ಗೆ ಮಾತ್ರ ನಿಷಿದ್ಧ. ಅಡ್ರಿನಲಿನ್ ಬಲದ ಮೇಲೆ ಹೇಗೋ ನಡೆಯುತ್ತಿರುವ ಹೃದಯದಿಂದ ಆ ಬಲವನ್ನೂ ಕಿತ್ತುಕೊಂಡರೆ ರೋಗಿ ಸಾಯುತ್ತಾನೆ ಎಂದು ಪಠ್ಯಪುಸ್ತಕ ಹೇಳುತ್ತಿತ್ತು. ನಾವು ಓದುವಾಗಲೂ ಅದೇ ವಾಕ್ಯ; ಪರೀಕ್ಷೆಯಲ್ಲಿ ತಪ್ಪಾಗಿ ಬರೆದರೆ ಫೇಲ್.

ಗೋಥೆನ್‌ಬರ್ಗಿನಲ್ಲಿ ವಾಗ್‌ಸ್ಟೈನ್ ಹಾಸಿಗೆಯ ಪಕ್ಕ ನಿಂತು ಬೇರೆಯದನ್ನು ನೋಡಿದರು. ಹಾರ್ಟ್ ಅಟ್ಯಾಕ್ ಆಗಿ, ಶ್ವಾಸಕೋಶಕ್ಕೆ ನೀರು ತುಂಬಿ, ನಾಡಿ ನಾಗಾಲೋಟದಲ್ಲಿದ್ದ ಕೆಲವು ರೋಗಿಗಳಿಗೆ ಪ್ರಾಕ್ಟೊಲಾಲ್ ಎಂಬ ಬೀಟಾ ಬ್ಲಾಕರ್ ಕೊಟ್ಟಾಗ ಅವರು ಸಾಯಲಿಲ್ಲ, ಉಸಿರು ಹಗುರವಾಯಿತು. ನಿಧಾನವಾಗಿ ಬಡಿದಾಗ ಹೃದಯಕ್ಕೆ ತುಂಬಿಕೊಳ್ಳಲು ಸಮಯ ಸಿಗುತ್ತದೆ. ಹೃದಯದ ಸ್ನಾಯುವಿಗೆ ರಕ್ತ ಬರುವುದೂ ಹೆಚ್ಚಾಗಿ ಎರಡು ಬಡಿತಗಳ ನಡುವಿನ ಆ ಬಿಡುವಿನಲ್ಲೇ. ಹಾಗಾದರೆ ಅಟ್ಯಾಕ್ ಆಗದೆ, ಸ್ನಾಯುರೋಗದಿಂದಲೇ ಹಿಗ್ಗಿ ಸೋತ ಹೃದಯಕ್ಕೂ ಇದು ಆಗಬಹುದಲ್ಲವೇ? ಓಕೆ ಯಾಲ್ಮರ್ಸನ್ ಮತ್ತಿತರ ಸಹೋದ್ಯೋಗಿಗಳ ಜೊತೆ ಸೇರಿ ಅವರು ಏಳು ಜನರಿಗೆ ಕೊಟ್ಟು ನೋಡಿದರು. ಬೇರೆ ಯಾವ ಚಿಕಿತ್ಸೆಗೂ ಬಗ್ಗದೆ ದಿನೇ ದಿನೇ ಇಳಿಯುತ್ತಿದ್ದ ರೋಗಿಗಳು ಅವರು. ಎರಡರಿಂದ ಹನ್ನೆರಡು ತಿಂಗಳು ಔಷಧ ನಡೆಯಿತು. ಓಡಾಡುವ ಶಕ್ತಿ ಹೆಚ್ಚಿತು, ಹಿಗ್ಗಿದ ಹೃದಯದ ಗಾತ್ರ ಇಳಿಯಿತು. 1975ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಇದು ಅಚ್ಚಾಯಿತು.

ಏಳೇ ಜನ. ಹೋಲಿಕೆಗೆ ಔಷಧ ಕೊಡದ ಇನ್ನೊಂದು ಗುಂಪಿಲ್ಲ. ಮೇಲಾಗಿ ಅವರು ಹೆಚ್ಚಿನವರಿಗೆ ಕೊಟ್ಟ ಪ್ರಾಕ್ಟೊಲಾಲ್ ಕಣ್ಣು, ಚರ್ಮಗಳಿಗೆ ಘೋರ ಹಾನಿ ಮಾಡುತ್ತದೆಂದು ಅದೇ ಹೊತ್ತಿಗೆ ಗೊತ್ತಾಗಿ ಆ ಮಾತ್ರೆಯೇ ಬಳಕೆಯಿಂದ ಹೋಯಿತು. ನಂಬದವರನ್ನು ನಾನು ದೂರುವುದಿಲ್ಲ. ಅಂದು ಅಲ್ಲಿದ್ದಿದ್ದರೆ ನಾನೂ ನಂಬುತ್ತಿರಲಿಲ್ಲ.

ಗೋಥೆನ್‌ಬರ್ಗಿನವರು ಬಿಡಲಿಲ್ಲ. 1979ರಲ್ಲಿ ಕಾರ್ಲ್ ಸ್ವೆಡ್‌ಬರ್ಗ್ ಮೊದಲ ಹೆಸರಾಗಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು: ಬೀಟಾ ಬ್ಲಾಕರ್ ತೆಗೆದುಕೊಂಡ 24 ಜನ, ತೆಗೆದುಕೊಳ್ಳದ ಹಿಂದಿನ 13 ಜನರಿಗಿಂತ ಹೆಚ್ಚು ಕಾಲ ಬದುಕಿದರು. ಮರುವರ್ಷ ಬಂದ ಲೇಖನ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಔಷಧದಿಂದ ಚೇತರಿಸಿಕೊಂಡಿದ್ದ 15 ರೋಗಿಗಳಲ್ಲಿ ಔಷಧವನ್ನು ನಿಲ್ಲಿಸಿ ನೋಡಿದರು. ಹೃದಯದ ಕೆಲಸ ಮತ್ತೆ ಕುಸಿಯಿತು, ಕೆಲವರು ತೀವ್ರವಾಗಿ ಹದಗೆಟ್ಟರು. ಮತ್ತೆ ಶುರು ಮಾಡಿದರು, ಮತ್ತೆ ಸುಧಾರಿಸಿತು. ಇವತ್ತಿನ ಎಥಿಕ್ಸ್ ಕಮಿಟಿಯ ಮುಂದೆ ಇಂಥ ಪ್ರಯೋಗ ಇಟ್ಟರೆ ಒಂದು ಸಂಜೆಯೆಲ್ಲ ಪ್ರಶ್ನೆ ಕೇಳುತ್ತಾರೆ, ಕೇಳಬೇಕು ಕೂಡ. ಆದರೆ ತೆಗೆದರೆ ಬಿದ್ದು, ಕೊಟ್ಟರೆ ಎದ್ದು ಕೂತದ್ದನ್ನು ಕಾಕತಾಳೀಯ ಎನ್ನಲು ಬರುವುದಿಲ್ಲ.

ಆದರೂ ಬೇರೆ ಕಡೆ ಪರೀಕ್ಷಿಸಿದವರಿಗೆ ಲಾಭ ಕಾಣಲಿಲ್ಲ. 1980ರ ದಶಕದ ಆರಂಭದಲ್ಲಿ ಒಂದು ತಿಂಗಳು ಕೊಟ್ಟು ನೋಡಿದ ಅಧ್ಯಯನ ಏನೂ ಪ್ರಯೋಜನವಿಲ್ಲ ಎಂದಿತು. ಯಾರು ಸರಿ? ಉತ್ತರ ಸ್ಪಷ್ಟವಾಗಿ ಬಂದದ್ದು 1995ರಲ್ಲಿ, ಅಮೆರಿಕದ ಡಲ್ಲಾಸ್ ನಗರದಿಂದ. ಅಲ್ಲಿನ ವೈದ್ಯರು ಮೆಟೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್ ಶುರು ಮಾಡಿ ಎಕೋವನ್ನು ಹಂತ ಹಂತವಾಗಿ ತೆಗೆದರು. ಮೊದಲ ದಿನ ಪಂಪಿಂಗ್ ಇಳಿಯಿತು. ಒಂದು ತಿಂಗಳಿಗೆ ಮೊದಲಿದ್ದಲ್ಲಿಗೆ ಬಂತು. ಮೂರು ತಿಂಗಳಿಗೆ ಮೊದಲಿದ್ದುದಕ್ಕಿಂತ ಏರಿತು. ಒಂದು ತಿಂಗಳಿಗೆ ಲೆಕ್ಕ ಮುಗಿಸಿದವರಿಗೆ ಸೊನ್ನೆ ಸಿಕ್ಕದ್ದು ಇದಕ್ಕೇ. ಪಠ್ಯಪುಸ್ತಕದ ಎಚ್ಚರಿಕೆಯೂ ಸುಳ್ಳಲ್ಲ, ಅದು ಮೊದಲ ದಿನದ ಸತ್ಯ. ವಾಗ್‌ಸ್ಟೈನ್ ನೋಡಿದ್ದು ಆರನೆಯ ತಿಂಗಳ ಸತ್ಯ.

ಈ ನಡುವೆ ಅಮೆರಿಕದಲ್ಲಿ ಮೈಕೆಲ್ ಬ್ರಿಸ್ಟೊ 1982ರಲ್ಲಿ ಸೋತ ಹೃದಯಗಳ ಸ್ನಾಯುವನ್ನು ಪರೀಕ್ಷಿಸಿ, ಅಡ್ರಿನಲಿನ್ ಬಂದು ಕೂರುವ ಬೀಟಾ ಗ್ರಾಹಕಗಳು ಸುಮಾರು ಅರ್ಧಕ್ಕೆ ಇಳಿದಿವೆ ಎಂದು ತೋರಿಸಿದ್ದರು. ಸುರಿಯುವ ಅಡ್ರಿನಲಿನ್‌ಗೆ ಹೃದಯ ತಾನೇ ಬಾಗಿಲು ಮುಚ್ಚಿಕೊಳ್ಳುತ್ತಿತ್ತು! 1984ರಲ್ಲಿ ಜೇ ಕೋನ್, ರಕ್ತದಲ್ಲಿ ನಾರ್‌ಅಡ್ರಿನಲಿನ್ ಹೆಚ್ಚಿದ್ದಷ್ಟೂ ರೋಗಿ ಬೇಗ ಸಾಯುತ್ತಾನೆ ಎಂದು ತೋರಿಸಿದರು. ಗೋಥೆನ್‌ಬರ್ಗಿನ ಕಣ್ಣಳತೆಗೆ ಪ್ರಯೋಗಾಲಯದ ಸಾಕ್ಷಿ ಸಿಕ್ಕಿತು.

ಆಮೇಲಿನದು ದೊಡ್ಡ ಪರೀಕ್ಷೆಗಳ ಕಾಲ. 1993ರಲ್ಲಿ ವಾಗ್‌ಸ್ಟೈನ್ ಮುಂದಾಳತ್ವದಲ್ಲಿ 383 ರೋಗಿಗಳು. ಅರ್ಧ ಜನರಿಗೆ ಮೆಟೊಪ್ರೊಲಾಲ್, ಅರ್ಧ ಜನರಿಗೆ ಅದರಂತೆಯೇ ಕಾಣುವ ಖಾಲಿ ಮಾತ್ರೆ. ಈ ಮೆಟೊಪ್ರೊಲಾಲ್ ಹುಟ್ಟಿದ್ದೂ ಗೋಥೆನ್‌ಬರ್ಗಿಗೆ ಅಂಟಿಕೊಂಡ ಮೊಲ್ನ್‌ದಾಲ್ ಊರಿನ ಹೆಸ್ಲೆ ಕಂಪನಿಯಲ್ಲಿ. ದಿನಕ್ಕೆ 10 ಮಿಲಿಗ್ರಾಂ ಎಂಬಷ್ಟು ಚಿಕ್ಕ ಪ್ರಮಾಣದಿಂದ ಶುರು ಮಾಡಿ ವಾರ ವಾರಕ್ಕೆ ಏರಿಸಿದರು. ಸಾವಿನ ಸಂಖ್ಯೆಯಲ್ಲಿ ವ್ಯತ್ಯಾಸ ಬರಲಿಲ್ಲ. ಹೃದಯ ಕಸಿಯೇ ಬೇಕು ಎನ್ನುವ ಹಂತಕ್ಕೆ ಹೋದವರು ಖಾಲಿ ಮಾತ್ರೆಯ ಗುಂಪಿನಲ್ಲಿ 19, ಔಷಧದ ಗುಂಪಿನಲ್ಲಿ 2. 1996ರಲ್ಲಿ ಅಮೆರಿಕದಲ್ಲಿ ಕಾರ್ವೆಡಿಲಾಲ್ ಎಂಬ ಇನ್ನೊಂದು ಬೀಟಾ ಬ್ಲಾಕರ್‌ನ ಪರೀಕ್ಷೆ. 1999ರಲ್ಲಿ ಎರಡು ಪರೀಕ್ಷೆಗಳ ಫಲಿತಾಂಶ ಬಂತು: ಯುರೋಪಿನಲ್ಲಿ ಬೈಸೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್, 2,647 ಜನ; ಮೆರಿಟ್ ಎಂಬ ಪರೀಕ್ಷೆಯಲ್ಲಿ ನಿಧಾನವಾಗಿ ಕರಗುವ ಮೆಟೊಪ್ರೊಲಾಲ್, 3,991 ಜನ. ಎರಡರಲ್ಲೂ ಸಾವು ಮೂರನೇ ಒಂದು ಭಾಗದಷ್ಟು ಕಡಿಮೆ. ಲಾಭ ಇಷ್ಟು ಸ್ಪಷ್ಟವಿರುವಾಗ ಖಾಲಿ ಮಾತ್ರೆ ಕೊಡುತ್ತಿರುವುದು ಅನ್ಯಾಯವೆಂದು ಎರಡನ್ನೂ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ನಿಷಿದ್ಧ ಪಟ್ಟಿಯಲ್ಲಿದ್ದ ಔಷಧ, ಕೊಡದಿದ್ದರೆ ಯಾಕೆ ಕೊಟ್ಟಿಲ್ಲ ಎಂದು ಕೇಳುವ ಔಷಧವಾಯಿತು. ಏಳು ರೋಗಿಗಳಿಂದ ಅಲ್ಲಿಗೆ 24 ವರ್ಷ.

ಈಗ ಇನ್ನೊಂದು ಬದಿ ನೋಡಿ. ಹೃದಯಕ್ಕೆ ಜೋರು ಕೊಡಬೇಕು ಎಂಬ ಹಳೆಯ ಪಕ್ಷದವರೂ ಸುಮ್ಮನಿರಲಿಲ್ಲ. ಮಿಲ್ರಿನೋನ್ ಎಂಬ ಔಷಧ ಕೊಟ್ಟರೆ ಹೃದಯ ಕೂಡಲೇ ಚುರುಕಾಗುತ್ತದೆ, ಅಳತೆಗಳೆಲ್ಲ ಸುಧಾರಿಸುತ್ತವೆ. 1991ರಲ್ಲಿ 1,088 ಜನರ ಪರೀಕ್ಷೆ ಮುಗಿದಾಗ ಮಾತ್ರೆ ನುಂಗಿದವರಲ್ಲಿ ಸಾವು ಶೇ. 28ರಷ್ಟು ಹೆಚ್ಚಿತ್ತು. ಏರಿನಲ್ಲಿ ಬಳಲಿ ನಿಂತ ಎತ್ತಿಗೆ ಬಾರುಕೋಲು ಬೀಸಿದರೆ ನಾಲ್ಕು ಹೆಜ್ಜೆ ಇಡುತ್ತದೆ, ಆಮೇಲೆ ಕುಸಿಯುತ್ತದೆ. ಆ ನಾಲ್ಕು ಹೆಜ್ಜೆಯನ್ನು ನಾವು ಚಿಕಿತ್ಸೆ ಎಂದುಕೊಂಡಿದ್ದೆವು.

ಇಲ್ಲಿ ಕಿರಿಯ ವೈದ್ಯರಿಗೆ ಒಂದು ಮಾತು. ವಾಗ್‌ಸ್ಟೈನ್ ಗೆದ್ದರು, ಆದ್ದರಿಂದ ಹಾಸಿಗೆ ಪಕ್ಕದಲ್ಲಿ ಕಂಡದ್ದೇ ಪ್ರಮಾಣ ಎಂದು ದಯವಿಟ್ಟು ತಿಳಿಯಬೇಡಿ. ಮಿಲ್ರಿನೋನ್ ಕೊಟ್ಟವರೂ ಹಾಸಿಗೆ ಪಕ್ಕದಲ್ಲಿ ಕಂಡದ್ದನ್ನೇ ನಂಬಿದ್ದರು. ಇಬ್ಬರಲ್ಲಿ ಯಾರು ಸರಿ ಎಂದು ಹೇಳಿದ್ದು ಸಾವಿರಾರು ಜನರ ಪರೀಕ್ಷೆ. ಅಂಥ ಪರೀಕ್ಷೆ ಹೇಗಿರಬೇಕು ಎಂದು ಜಗತ್ತಿಗೆ ಕಲಿಸಿದವರಲ್ಲಿ ಒಬ್ಬರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಸಲೀಂ ಯೂಸುಫ್. ಹುಟ್ಟೂರು ಕೇರಳದ ಕೊಟ್ಟಾರಕ್ಕರ. ಬೆಂಗಳೂರಿನಿಂದ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋದರು, ಅಲ್ಲಿಂದ ಅಮೆರಿಕಕ್ಕೆ, ಕೊನೆಗೆ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯಕ್ಕೆ. 1984ರಲ್ಲಿ ರೋರಿ ಕಾಲಿನ್ಸ್, ರಿಚರ್ಡ್ ಪೀಟೊ ಜೊತೆ ಅವರು ಬರೆದ ಲೇಖನದ ವಾದ ಸರಳ: ಪರೀಕ್ಷೆ ದೊಡ್ಡದಿರಲಿ, ಫಾರಂ ಚಿಕ್ಕದಿರಲಿ, ಕೇಳುವ ಪ್ರಶ್ನೆ ಒಂದೇ ಇರಲಿ, ರೋಗಿ ಬದುಕಿದನೋ ಇಲ್ಲವೋ. ಎನಲಾಪ್ರಿಲ್ ಮಾತ್ರೆ ಹಾರ್ಟ್ ಫೇಲ್ಯೂರ್ ರೋಗಿಗಳ ಸಾವನ್ನು ಶೇ. 16ರಷ್ಟು ತಗ್ಗಿಸುತ್ತದೆ ಎಂದು ತೋರಿಸಿದ 1991ರ ಸಾಲ್ವ್‌ಡಿ ಪರೀಕ್ಷೆಯ ಹಿಂದೆ ಅವರಿದ್ದರು. ವಿದರಿಂಗನ ಇನ್ನೂರು ವರ್ಷದ ಡಿಜಿಟಾಲಿಸ್ಸಿಗೂ ಕೊನೆಗೆ ಲೆಕ್ಕ ಕೇಳಿದ್ದು ಇದೇ ಮಾದರಿಯ ಪರೀಕ್ಷೆ. 1997ರಲ್ಲಿ, 6,800 ಜನರಲ್ಲಿ. ಆಸ್ಪತ್ರೆ ಸೇರುವುದು ಕಡಿಮೆಯಾಯಿತು, ಸಾವು ಕಡಿಮೆಯಾಗಲಿಲ್ಲ.

ಯೂಸುಫರ ತಂಡವೇ 2017ರಲ್ಲಿ ನಮಗೆ ಕನ್ನಡಿ ಹಿಡಿಯಿತು. 16 ದೇಶಗಳ 5,823 ಹಾರ್ಟ್ ಫೇಲ್ಯೂರ್ ರೋಗಿಗಳನ್ನು ಒಂದು ವರ್ಷ ಹಿಂಬಾಲಿಸಿದರು. ಆ ವರ್ಷದಲ್ಲಿ ಸತ್ತವರು ಚೀನಾದಲ್ಲಿ ನೂರಕ್ಕೆ 7, ಭಾರತದಲ್ಲಿ 23, ಆಫ್ರಿಕಾದಲ್ಲಿ 34. ತಿರುವನಂತಪುರದ ಹಾರ್ಟ್ ಫೇಲ್ಯೂರ್ ನೋಂದಣಿಯ ಲೆಕ್ಕ ಇನ್ನೂ ಕಹಿ. 2013ರಲ್ಲಿ ಅಲ್ಲಿ ಆಸ್ಪತ್ರೆಗೆ ದಾಖಲಾದ 1,205 ಜನರಲ್ಲಿ ವರ್ಷದೊಳಗೆ ತೀರಿಕೊಂಡವರು ನೂರಕ್ಕೆ 30ಕ್ಕೂ ಹೆಚ್ಚು. ದಾಖಲಾದವರ ಸರಾಸರಿ ವಯಸ್ಸು 61. ಪಶ್ಚಿಮ ದೇಶಗಳಲ್ಲಿ ಈ ರೋಗಿಗಳು ಎಪ್ಪತ್ತು ದಾಟಿದವರು. ದುಡಿಯುವ ವಯಸ್ಸಿನಲ್ಲೇ ನಮ್ಮವರು ಹೋಗುತ್ತಿದ್ದಾರೆ. ಮಾರ್ಗಸೂಚಿ ಹೇಳಿದ ಔಷಧಗಳನ್ನು ಪೂರ್ತಿಯಾಗಿ ಬರೆಸಿಕೊಂಡು ಮನೆಗೆ ಹೋದವರು, ಪಂಪಿಂಗ್ ಕಡಿಮೆಯಿದ್ದ ರೋಗಿಗಳಲ್ಲಿ ಕಾಲು ಭಾಗ ಮಾತ್ರ. ಅದು ಕೇರಳದ ಕಥೆ ಎಂದು ನಾವು ಬೀಗುವಂತಿಲ್ಲ.

ಔಷಧ ಇಲ್ಲದೆ ಹೀಗಾಗುತ್ತಿಲ್ಲ. ಮೆಟೊಪ್ರೊಲಾಲ್, ಎನಲಾಪ್ರಿಲ್, ಇದೇ ಕಾಯಿಲೆಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಮೂರೂ ಪೇಟೆಂಟ್ ಕಳೆದ ಅಗ್ಗದ ಮಾತ್ರೆಗಳು. 2019ರಲ್ಲಿ 4,744 ಜನರ ಪರೀಕ್ಷೆಯಲ್ಲಿ ಗೆದ್ದ ಸಕ್ಕರೆ ಕಾಯಿಲೆಯ ಮಾತ್ರೆ ಡ್ಯಾಪಗ್ಲಿಫ್ಲೋಜಿನ್ ಕೂಡ 2020ರ ನಂತರ ನಮ್ಮಲ್ಲಿ ಹತ್ತಾರು ಕಂಪನಿಗಳಿಂದ ಕಡಿಮೆ ಬೆಲೆಗೆ ಬಂತು. ಕೊರತೆ ಇರುವುದು ಡೋಸ್ ಏರಿಸುವ ತಾಳ್ಮೆಗೆ. ಮೆರಿಟ್ ಪರೀಕ್ಷೆಯಲ್ಲಿ ಮೆಟೊಪ್ರೊಲಾಲ್ ಗುರಿ ದಿನಕ್ಕೆ 200 ಮಿಲಿಗ್ರಾಂ. ನಮ್ಮಲ್ಲಿ 25ಕ್ಕೆ ಶುರುವಾಗಿ ಐದು ವರ್ಷ 25ರಲ್ಲೇ ಉಳಿದ ಚೀಟಿಗಳನ್ನು ನಾನು ದಿನಾ ನೋಡುತ್ತೇನೆ. ವೈದ್ಯರಿಗೆ ಏರಿಸಲು ಭಯ. ರೋಗಿಗೆ ಮೊದಲ ಎರಡು ವಾರ ಸುಸ್ತು. ಮೆಡಿಕಲ್ ಶಾಪಿನವರು "ಇದು ಬಿಪಿ ಮಾತ್ರೆ, ನಿಮಗೆ ಬಿಪಿ ಇಲ್ಲವಲ್ಲ" ಎಂದುಬಿಡುತ್ತಾರೆ. ಮುಗಿಯಿತು, ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ. ಡಲ್ಲಾಸಿನ ಆ ಮೊದಲ ದಿನದಲ್ಲೇ ನಮ್ಮ ರೋಗಿ ಚಿಕಿತ್ಸೆ ಬಿಟ್ಟಿರುತ್ತಾನೆ, ಮೂರನೇ ತಿಂಗಳು ಅವನಿಗೆ ಬರುವುದೇ ಇಲ್ಲ.

ಭಯಕ್ಕೆ ಕಾರಣವಿಲ್ಲ ಎಂದೇನೂ ನಾನು ಹೇಳುವುದಿಲ್ಲ. ಶ್ವಾಸಕೋಶದ ತುಂಬ ನೀರಿದ್ದು ಒದ್ದಾಡುತ್ತಿರುವ ರೋಗಿಗೆ ಅದೇ ರಾತ್ರಿ ಬೀಟಾ ಬ್ಲಾಕರ್ ಶುರು ಮಾಡುವುದು ಅಪಾಯ. ಮೊದಲು ನೀರು ಇಳಿಸಬೇಕು. ನಾಡಿ ತೀರಾ ನಿಧಾನವಿದ್ದವರಿಗೆ, ತೀವ್ರ ಅಸ್ತಮಾ ಇದ್ದವರಿಗೆ ಆಗುವುದಿಲ್ಲ. ಪಂಪಿಂಗ್ ಸರಿಯಿದ್ದೂ ಹೃದಯ ಬಿಗಿದುಕೊಂಡು ಬರುವ ಇನ್ನೊಂದು ಬಗೆಯ ಹಾರ್ಟ್ ಫೇಲ್ಯೂರ್‌ನಲ್ಲಿ ಈ ಲಾಭ ಸಾಬೀತಾಗಿಲ್ಲ. ಆದರೆ ತಕ್ಕ ರೋಗಿಯನ್ನು ಪದೇ ಪದೇ ನೋಡುತ್ತಾ ಏರಿಸಿದರೆ ಏರಿಸಬಹುದು. 2022ರಲ್ಲಿ 1,078 ಜನರಲ್ಲಿ ನಡೆದ ಪರೀಕ್ಷೆಯಲ್ಲಿ ಆಸ್ಪತ್ರೆಯಿಂದ ಹೋದ ಎರಡು ವಾರದೊಳಗೇ ಔಷಧಗಳನ್ನು ಪೂರ್ಣ ಪ್ರಮಾಣಕ್ಕೆ ಒಯ್ದರು, ಜೊತೆಗೆ ಮತ್ತೆ ಮತ್ತೆ ಕರೆಸಿ ಪರೀಕ್ಷಿಸಿದರು. ಆರು ತಿಂಗಳಲ್ಲಿ ಸತ್ತವರು ಅಥವಾ ಮತ್ತೆ ಆಸ್ಪತ್ರೆ ಸೇರಿದವರು ನೂರಕ್ಕೆ 15. ಎಂದಿನ ಚಿಕಿತ್ಸೆಯಲ್ಲಿ 23.

ಪದೇ ಪದೇ ನೋಡುವುದು ಯಾರು? ಒ.ಪಿ.ಡಿ.ಯಲ್ಲಿ ನೂರು ಜನರ ಸಾಲಿರುವ ಹೃದ್ರೋಗ ತಜ್ಞನಿಂದ ಅದು ಆಗದ ಕೆಲಸ, ಬೀದರ್‌ನಿಂದ, ಚಾಮರಾಜನಗರದಿಂದ ಎರಡು ವಾರಕ್ಕೊಮ್ಮೆ ರೋಗಿ ಬೆಂಗಳೂರಿಗೆ ಬಂದು ಹೋಗುವುದೂ ಆಗದ ಕೆಲಸ. 2001ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ತರಬೇತಿ ಪಡೆದ ನರ್ಸುಗಳು ರೋಗಿಗಳ ಮನೆಗೇ ಹೋಗಿ, ತೂಕ, ನಾಡಿ, ಬಿಪಿ ನೋಡಿ, ಬರೆದಿಟ್ಟ ಕ್ರಮದಂತೆ ಡೋಸ್ ಹೊಂದಿಸಿದರು. ಆ ರೋಗಿಗಳು ಹಾರ್ಟ್ ಫೇಲ್ಯೂರ್‌ಗಾಗಿ ಮತ್ತೆ ಆಸ್ಪತ್ರೆ ಸೇರುವುದು ಕಡಿಮೆಯಾಯಿತು. ಇದಕ್ಕೆ ಬೇಕಾದದ್ದು ಒಂದು ತೂಕದ ಯಂತ್ರ, ಬಿಪಿ ಉಪಕರಣ, ರಕ್ತದ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ಪರೀಕ್ಷೆ, ಒಂದು ಫೋನು. ಇವೆಲ್ಲ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ದೂರದ ಮಾತಲ್ಲ.

ಮನೆಯಲ್ಲಿ ಈ ರೋಗಿ ಇರುವವರಿಗೆ ಎರಡು ಮಾತು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ, ತೂಕ ನೋಡಿ ಕ್ಯಾಲೆಂಡರಿನ ಮೇಲೆ ಬರೆಯಿರಿ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ನೀರು, ಕಾಲು ಬಾವು ಬರುವ ತನಕ ಕಾಯದೆ ವೈದ್ಯರಿಗೆ ಹೇಳಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ತಟ್ಟೆಯಿಂದ ದೂರವಿರಲಿ. ಯಾವ ಮಾತ್ರೆಯನ್ನೂ, ಯಾರು ಹೇಳಿದರೂ, ಬರೆದುಕೊಟ್ಟ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಇನ್ನು ದತ್ತಿ ದಾನಿಗಳಲ್ಲಿ, ಸಭೆಯಲ್ಲಿರುವ ಅಧಿಕಾರಿಗಳಲ್ಲಿ ನನ್ನ ಬೇಡಿಕೆ ಒಂದೇ. ಹೊಸ ಕಟ್ಟಡ ಬೇಡ, ಹೊಸ ಯಂತ್ರ ಸದ್ಯಕ್ಕೆ ಬೇಡ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಹಾರ್ಟ್ ಫೇಲ್ಯೂರ್ ರೋಗಿಗಳ ಪಟ್ಟಿ ಇಟ್ಟುಕೊಂಡು ಡೋಸ್ ನೋಡಿಕೊಳ್ಳುವ, ತರಬೇತಿ ಪಡೆದ ಒಬ್ಬ ನರ್ಸನ್ನು ನೇಮಿಸಿ. ಮುಂದಿನ ವರ್ಷದ ದತ್ತಿ ಉಪನ್ಯಾಸಕ್ಕೆ ನನ್ನ ಬದಲು ಆ ನರ್ಸುಗಳಲ್ಲಿ ಒಬ್ಬರನ್ನು ಕರೆಸಿ, ಅವರ ಪಟ್ಟಿಯಲ್ಲಿ ಎಷ್ಟು ಜನರ ಡೋಸ್ ಗುರಿ ಮುಟ್ಟಿತು ಎಂದು ಕೇಳಿ.